ಎದುರು ಊರಿನ ವಕೀಲ

ಕೋದಂಡಪ್ಪನದು ಕಲ್ಲು ಮನಸ್ಸು ಎಂದು ಬೂದಿಕೋಟೆ ಕಡೆಯವರು ಈಗಲೂ ಹೇಳುತ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಇದೇ ಕೋದಂಡಪ್ಪ ಊರಿನ ಹಾಲಿನ ಡೇರಿಯಲ್ಲಿ ಕೂತು ಬೆಳಗ್ಗೆ, ಸಂಜೆ ಹಾಲು ಅಳೆಯುತ್ತಾ, ನೀರು ಬೆರೆಸಿ ತಂದವರನ್ನು "ಯಾಕಕ್ಕಾ, ಇವತ್ತು ನಿಮ್ಮೆಮ್ಮೆ ಕೆರೆಗೆ ಇಳಿದಿತ್ತಾ?" ಎಂದು ಎಲ್ಲರ ಎದುರು ಕೇಳಿ ನಗಿಸುತ್ತಿದ್ದ ಮನುಷ್ಯ ಎಂಬುದನ್ನು ಅವರೇ ಮರೆತಿದ್ದಾರೆ. ನಗಿಸಿಕೊಂಡವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಮರುದಿನ ಸ್ವಲ್ಪ ಕಡಿಮೆ ನೀರು ಬೆರೆಸುತ್ತಿದ್ದರು, ಅಷ್ಟೆ.

ಅರವತ್ತರ ದಶಕದ ಕೊನೆಯಲ್ಲಿ ಅವನು ಬಂಗಾರಪೇಟೆಯಲ್ಲಿ ಕಾಲೇಜು ಓದಿದವನು. ಓದಿದ್ದು ಎನ್ನುವುದಕ್ಕಿಂತ ಫುಟ್‌ಬಾಲ್ ಆಡಿದ್ದು ಎನ್ನಬೇಕು. ಡಿಗ್ರಿ ಕೈಗೆ ಬರಲಿಲ್ಲ. ಅಷ್ಟರಲ್ಲಿ ತಂಗಿ ಮಂಗಮ್ಮನ ಗಂಡ ಹಾವು ಕಚ್ಚಿ ತೀರಿಕೊಂಡ. ಎದೆಹಾಲು ಬಿಡದ ಗಂಡುಮಗುವನ್ನು ಎತ್ತಿಕೊಂಡು ಅವಳು ತವರಿಗೆ ಬಂದಳು. ಆಮೇಲೆ ಕೋದಂಡಪ್ಪ ಮದುವೆಯ ಮಾತೆತ್ತಲಿಲ್ಲ. ಯಾರಾದರೂ ಎತ್ತಿದರೆ "ಮಗ ಐತಲ್ಲಪ್ಪ ಮನೇಲಿ, ಇನ್ನೇನು?" ಎಂದುಬಿಡುತ್ತಿದ್ದ. ಆ ಮಗುವೇ ವೆಂಕಟಾಚಲಪತಿ. ಮನೆಯವರಿಗೂ ಮೈದಾನದವರಿಗೂ ಚಲಪತಿ.

ಚಲಪತಿಗೆ ನಡೆಯಲು ಕಲಿಸಿದ್ದು ಮಂಗಮ್ಮ, ಓಡಲು ಕಲಿಸಿದ್ದು ಮಾವ. ರಾಗಿ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚುತ್ತಿದ್ದರೂ ಬಿಡದೆ ಅವನ ಕಾಲಿನಿಂದ ಚೆಂಡು ಒದೆಸಿದ. ಹುಡುಗ ಮಾವ ಓದಿದ ಕಾಲೇಜಿಗೇ ಸೇರಿ, ಬಲಗಡೆಯ ಗೆರೆಯುದ್ದಕ್ಕೂ ಚೆಂಡು ತಳ್ಳಿಕೊಂಡು ಓಡುವ ರೈಟ್ ಔಟ್ ಆದ. ಚೆನ್ನಾಗಿ ಆಡುತ್ತಿದ್ದ. ಚೆನ್ನಾಗಿ ಆಡುತ್ತೇನೆ ಎನ್ನುವುದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಆಗಿನ ಕಾಲಕ್ಕೆ ಕೆಜಿಎಫ್‌ನಲ್ಲಿ ಫುಟ್‌ಬಾಲ್ ಊಟದಷ್ಟೇ ಮುಖ್ಯ. ಬಂಗಾರಪೇಟೆಯವರಿಗೆ ಕೆಜಿಎಫ್‌ನವರನ್ನು ಸೋಲಿಸುವುದು ಊಟಕ್ಕಿಂತ ಮುಖ್ಯ. ದೀಪಾವಳಿ ಕಳೆದ ಮೇಲೆ ಸುತ್ತಿನ ಕಾಲೇಜುಗಳ ಪಂದ್ಯಗಳು ಶುರುವಾಗಿ ಸಂಕ್ರಾಂತಿ ಹೊತ್ತಿಗೆ ಮುಗಿಯುತ್ತಿದ್ದವು. ಮುಗಿದ ಮೇಲೆ ಒಂದು ಭಾನುವಾರ ರಾಬರ್ಟ್‌ಸನ್‌ಪೇಟೆಯಲ್ಲಿ, ಆಟದ ಸಾಮಾನು ಮಾರುವ ಅಂಗಡಿಯೊಂದರ ಮಹಡಿಯಲ್ಲಿ ಎರಡೂ ಊರಿನವರು ಸೇರಿ ಆ ವರ್ಷ ಗೋಲು ಕಾಯ್ದವರಲ್ಲಿ ಒಳ್ಳೆಯ ಗೋಲಿ ಯಾರು, ಎಲ್ಲರಿಗಿಂತ ಒಳ್ಳೆಯ ಆಟಗಾರ ಯಾರು ಎಂದು ತೀರ್ಮಾನಿಸುತ್ತಿದ್ದರು. ಗೋಲಿಗೆ ಬಹುಮಾನವಾಗಿ ಒಂದು ಕಪ್ಪು. ಒಳ್ಳೆಯ ಆಟಗಾರನ ಹೆಸರನ್ನು ಬೀಟೆಮರದ ಫಲಕದ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ಆ ಫಲಕ ಅಲ್ಲೇ ಗೋಡೆಯ ಮೇಲಿತ್ತು.

ಹಿಂದೊಮ್ಮೆ ಈ ತೀರ್ಮಾನದಲ್ಲಿ ಕುರ್ಚಿಗಳು ಮುರಿದು, ಒಬ್ಬನ ಹಲ್ಲೂ ಉದುರಿತ್ತು. ಆ ಮೇಲೆ ಹಳೆಯ ರೆಫ್ರಿ ಕುಪ್ಪುಸ್ವಾಮಿ ಒಂದು ಕಟ್ಟಳೆ ತಂದ. ನಿನ್ನ ಊರಿನ ಹುಡುಗನ ಬಗ್ಗೆ ನೀನು ಬಾಯಿ ಬಿಡಕೂಡದು. ಅವನ ಪರವಾಗಿ ಎದುರು ಊರಿನವನು ಮಾತಾಡಬೇಕು. ಎದುರು ಊರಿನ ಹುಡುಗನ ಪರವಾಗಿ ನೀನು ಮಾತಾಡಬೇಕು. ಮಾತು ಕೇಳಿದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಹೋಗಿ, ತಮಗೆ ಸರಿ ಕಂಡವನ ಲೋಟಕ್ಕೆ ಒಂದು ಹುಣಸೆಬೀಜ ಹಾಕಬೇಕು. ಬೇಕೆಂದೇ ಕೆಟ್ಟದಾಗಿ ಮಾತಾಡಿದವನನ್ನು ಮುಂದಿನ ವರ್ಷ ಮೆಟ್ಟಿಲು ಹತ್ತಿಸುವಂತಿಲ್ಲ. ಮೊದಮೊದಲು ಜನ ಗೊಣಗಿದರು. ನಾಲ್ಕೈದು ವರ್ಷದಲ್ಲಿ, ಎದುರು ಊರಿನ ಹುಡುಗನನ್ನು ಹೊಗಳಿ ಗೆಲ್ಲಿಸುವುದೇ ದೊಡ್ಡಸ್ತಿಕೆಯಾಯಿತು.

ಅದರಲ್ಲಿ ಎತ್ತಿದ ಕೈ ಕೆಜಿಎಫ್‌ನ ಗೋವಿಂದಸಾಮಿಯದು. ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ, ಹೊರಗೆ ಬಂದರೆ ಬಾಯಿಯದೇ ಕೆಲಸ. ಒಂದು ವರ್ಷ ಫೈನಲ್‌ನಲ್ಲಿ ನಾಲ್ಕು ಗೋಲು ಬಿಟ್ಟ ಬಂಗಾರಪೇಟೆಯ ಗೋಲಿಯ ಪರ ಎದ್ದು ನಿಂತು, "ನಾಲ್ಕು ಬಿಟ್ಟ ನಾಲ್ಕು ಬಿಟ್ಟ ಅಂತೀರಲ್ಲ, ಅವನ ಮುಂದೆ ನಿಂತಿದ್ದ ಬ್ಯಾಕುಗಳನ್ನ ನೋಡುದ್ರಾ ಅಣ್ಣೇ? ಕಾಮಸಮುದ್ರದ ಬಸ್ಸಿಗೆ ಕಾಯೋರಂಗೆ ನಿಂತಿದ್ರು! ನಾನಾಗಿದ್ರೆ ಗೋಲು ಬಿಟ್ಟು ಅದೇ ಬಸ್ಸು ಅತ್ತಿ ಓಗಿರ್ತಿದ್ದೆ" ಎಂದ. ಕಪ್ಪು ಆ ಗೋಲಿಗೇ ಹೋಯಿತು. ಬಯ್ಯಿಸಿಕೊಂಡ ಬ್ಯಾಕುಗಳೂ ನಕ್ಕರು.

ಈ ಗೋವಿಂದಸಾಮಿಯ ಮಗ ಪೆರುಮಾಳ್ ಕೆಜಿಎಫ್ ಕಾಲೇಜಿನ ಎಡಗಡೆಯ ಬ್ಯಾಕ್, ಚಲಪತಿಯ ಓಟಕ್ಕೆ ಅಡ್ಡ ನಿಲ್ಲಬೇಕಾದವನು. ಎಂಬತ್ತಾರರ ಸಂಕ್ರಾಂತಿಗೆ ಮುಂಚೆ ಬಂಗಾರಪೇಟೆಯ ಮೈದಾನದಲ್ಲಿ ಎರಡು ಕಾಲೇಜುಗಳೂ ಎದುರೆದುರಾದವು. ಕೋದಂಡಪ್ಪ ಅಂದು ಗೆರೆಯ ಪಕ್ಕ ಬಾವುಟ ಹಿಡಿಯುವ ಲೈನ್ಸ್‌ಮನ್. ಸೋದರಳಿಯ ಆಡುವ ಪಂದ್ಯಕ್ಕೆ ಮಾವನ ಕೈಗೆ ಬಾವುಟ ಕೊಡುವುದೇ ಎಂದು ಯಾರೂ ಕೇಳಲಿಲ್ಲ. ಕೋದಂಡಪ್ಪನ ಬಾವುಟ ಸುಳ್ಳು ಹೇಳುವುದಿಲ್ಲ ಎಂದು ಕೆಜಿಎಫ್‌ನವರೂ ಒಪ್ಪಿದ್ದರು.

ದ್ವಿತೀಯಾರ್ಧದಲ್ಲಿ ಚಲಪತಿ ಚೆಂಡು ತಳ್ಳಿಕೊಂಡು ಮಾವನ ಕಣ್ಣೆದುರಿನ ಗೆರೆಯ ಮೇಲೇ ಓಡಿ ಬಂದ. ಪೆರುಮಾಳ್ ಅಡ್ಡ ಜಾರಿ ಬಂದ. ಧೂಳೆದ್ದಿತು. ಚೆಂಡು ಗೆರೆ ದಾಟಿತು. ಚೆಂಡಿಗೆ ಕೊನೆಗೆ ತಾಕಿದ್ದು ಚಲಪತಿಯ ಕಾಲು. ಕೋದಂಡಪ್ಪನ ಕೈ ತಾನಾಗಿ ಮೇಲೆದ್ದು ಥ್ರೋ ಕೆಜಿಎಫ್‌ನವರದು ಎಂದು ಬಾವುಟ ತೋರಿಸಿತು. ಆಮೇಲೆ ಕಿರುಚಾಟ ಕೇಳಿಸಿತು. ಚಲಪತಿಯ ಮೊಣಕಾಲಿನ ಕೆಳಗಿನ ಭಾಗ ಬೇರೆ ಕಡೆಗೆ ತಿರುಗಿತ್ತು. ಮೈದಾನವೆಲ್ಲ ಅಲ್ಲಿಗೆ ಓಡಿ ಬಂದರೂ ಕೋದಂಡಪ್ಪ ಬಾವುಟ ಎತ್ತಿಕೊಂಡೇ ನಿಂತಿದ್ದ. ಯಾರೋ ಬಂದು ಅವನ ಕೈಯನ್ನು ಹಿಡಿದು ಕೆಳಗಿಳಿಸಿದರು.

ಅಂದಿನಿಂದ ಅವನ ಮನಸ್ಸಿಗೆ ಜೋಮು ಹಿಡಿಯಿತು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತ ಕಾಲು ತನ್ನದಲ್ಲ ಎನಿಸುತ್ತದಲ್ಲ, ಹಾಗೆ. ಆಸ್ಪತ್ರೆಯ ಡಾಕ್ಟರು ಕಾಲು ಕೂಡುತ್ತದೆ, ಆದರೆ ಹುಡುಗ ಇನ್ನು ಆಡುವಂತಿಲ್ಲ ಎಂದಾಗ ತಲೆಯಾಡಿಸಿದ. ಸಮಾಧಾನವಾಗದೆ, ಮೂಳೆ ಕೂಡಿಸುವ ನಾಟಿ ಕಟ್ಟಿಗೆ ಹೆಸರಾದ ಗಡಿಯಾಚೆಯ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದಾಗಲೂ, ಕಟ್ಟು ಹಾಕಿದವರು ಅದನ್ನೇ ಹೇಳಿದಾಗಲೂ ತಲೆಯಾಡಿಸಿದ. ಡೇರಿಯಲ್ಲಿ ಹಾಲು ಅಳೆದ. ನೀರಿದ್ದರೆ ನೀರಿದೆ ಎಂದ. ಎಮ್ಮೆ ಕೆರೆಗೆ ಇಳಿದಿತ್ತಾ ಎಂದು ಯಾರನ್ನೂ ಕೇಳಲಿಲ್ಲ. ಅಳು ಬರಲಿ ಎಂದು ಒಂದು ಸಂಜೆ ಹುಲ್ಲಿನ ಮೆದೆಯ ಹಿಂದೆ ಹೋಗಿ ಕೂತೂ ನೋಡಿದ. ಸೊಳ್ಳೆ ಕಚ್ಚಿದವು, ಎದ್ದು ಬಂದ.

ಇತ್ತ ಬಂಗಾರಪೇಟೆಯಲ್ಲಿ ಸುದ್ದಿ ಬೆಳೆಯಿತು. ಪೆರುಮಾಳ್ ಬೇಕಂತಲೇ ಮುರಿದನಂತೆ, ಮುಂಚೆಯೇ ಹೇಳಿದ್ದನಂತೆ. ಪಂದ್ಯ ನೋಡದವರೇ ಹೆಚ್ಚು ವಿವರವಾಗಿ ಹೇಳಿದರು. ಮಂಗಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮಗನ ಕಾಲು ಹೋದದ್ದಕ್ಕೆ ಬಯ್ಯಲು ಒಂದು ಹೆಸರಾದರೂ ಸಿಕ್ಕಿತಲ್ಲ. ಹತ್ತಿರವೇ ನಿಂತಿದ್ದ ಅಣ್ಣನನ್ನು ಅವಳು ಏನಾಯಿತೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆ ವರ್ಷದ ಒಳ್ಳೆಯ ಆಟಗಾರನ ಮಾತು ಬಂದಾಗ ಉಳಿದ ಹೆಸರು ಎರಡೇ, ಚಲಪತಿ ಮತ್ತು ಪೆರುಮಾಳ್. ಚಲಪತಿಯ ಪರ ತಾನೇ ಮಾತಾಡುತ್ತೇನೆ ಎಂದು ಗೋವಿಂದಸಾಮಿ ಕುಪ್ಪುಸ್ವಾಮಿಯ ಮನೆಗೆ ಹೋಗಿ ಕೇಳಿಕೊಂಡ. ಗೋವಿಂದಸಾಮಿ ಬಾಯಿ ಬಿಟ್ಟರೆ ಫಲಕದ ಮೇಲೆ ಚಲಪತಿಯ ಹೆಸರು ಬಂತೆಂದೇ ಲೆಕ್ಕ. ಪೆರುಮಾಳ್ ಪರ ಮಾತಾಡಲು ಮಾತ್ರ ಬಂಗಾರಪೇಟೆಯಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಕುಪ್ಪುಸ್ವಾಮಿ ಬಸ್ಸು ಹತ್ತಿ ಡೇರಿಗೇ ಬಂದ.

"ಕೇಳಬಾರದು ಕೋದಂಡಪ್ಪ, ಆದ್ರೂ ಕೇಳ್ತಾ ಇದೀನಿ. ಯಾರೂ ಮಾತಾಡದೆ ಒಬ್ಬನ್ನ ತಳ್ಳಿಬಿಟ್ರೆ ಆ ಕಟ್ಟಳೆಗೇ ಅರ್ಥ ಇಲ್ಲ."

"ಆಯ್ತು," ಎಂದ ಕೋದಂಡಪ್ಪ. ಬೇಡ ಎನ್ನಲು ಮನಸ್ಸಿನಲ್ಲಿ ಏನಾದರೂ ಇರಬೇಕಲ್ಲ.

ಮನೆಯಲ್ಲಿ ಹೇಳಿದಾಗ ಮಂಗಮ್ಮ ಮೊದಲು ಅತ್ತಳು, ಆಮೇಲೆ ಯೋಚನೆ ಮಾಡಿದಳು.

"ಓಗಣ್ಣ. ನೀನೇ ಓಗೋದು ಒಳ್ಳೇದಾಯ್ತು," ಎಂದಳು. "ಎರಡು ಮಾತಾಡಿ ಕೂತ್ಕ. ನಿನ್ನನ್ನ ಯಾರೂ ಏನೂ ಅನ್ನಾಕಿಲ್ಲ. ಸೋದರಳಿಯನ ಕಾಲು ಮುರಿದವನ್ನ ಇನ್ನೇನು ಒಗಳ್ತಾನೆ ಅಂತ ಅವರೇ ಅಂದ್ಕಂತಾರೆ. ಕಾಲಂತೂ ಓಯ್ತು. ಆ ಅಲಗೆ ಮೇಲೆ ನಮ್ಮುಡುಗನ ಎಸರಾದ್ರೂ ಉಳೀಲಿ."

ಒಳಗೆ ಮಂಚದ ಮೇಲಿದ್ದ ಚಲಪತಿ ಎಲ್ಲ ಕೇಳಿಸಿಕೊಂಡಿರಬೇಕು. ಕಾಲು ಮುರಿದ ಮೇಲೆ ಅವನು ಬಾಯಿಬಿಟ್ಟು ಕೇಳಿದ್ದು ಒಂದೇ, ಈ ಸಲ ಫಲಕದ ಮೇಲೆ ಯಾರ ಹೆಸರು ಬರುತ್ತದೆ ಎಂದು. ಅದನ್ನು ಮಾತ್ರ ಬಂದವರನ್ನೆಲ್ಲ ಕೇಳುತ್ತಿದ್ದ.

ಆ ಭಾನುವಾರ ಮಹಡಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೂ ಜನ ಕೂತಿದ್ದರು. ಟೀ ಬಂತು, ಮಸಾಲೆ ವಡೆ ಬಂತು. ಒಳ್ಳೆಯ ಗೋಲಿಯ ತೀರ್ಮಾನ ಎಂದಿನಂತೆ ನಗುವಿನಲ್ಲಿ ಮುಗಿಯಿತು. ಆಮೇಲೆ ಕುಪ್ಪುಸ್ವಾಮಿ ಎರಡು ಸ್ಟೀಲ್ ಲೋಟಗಳನ್ನು ಮೇಜಿನ ಮೇಲಿಟ್ಟು ಗೋವಿಂದಸಾಮಿಯ ಕಡೆ ನೋಡಿದ. ಇನ್ನೂ ಬಾಯಿ ತೆರೆಯುವ ಮುಂಚೆಯೇ ಕೆಲವರು ನಗಲು ತಯಾರಾಗಿದ್ದರು, ಅಭ್ಯಾಸಬಲ.

ಗೋವಿಂದಸಾಮಿ ಎದ್ದು ನಿಂತ. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. "ಚಲಪತಿ," ಎಂದ. ಮತ್ತೆ "ಚಲಪತಿ ಅಂದ್ರೆ..." ಎಂದ. ಮುಂದಿನ ಮಾತು ಬರಲಿಲ್ಲ. ಮುಖ ಕಿವುಚಿಕೊಂಡಿತು. ಅಷ್ಟು ದೊಡ್ಡ ಆಳು, ಗಣಿಯ ಆಳದಲ್ಲಿ ತಲೆಯ ಮೇಲೆ ಬಂಡೆ ಇಟ್ಟುಕೊಂಡು ದುಡಿದವನು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಚಿನ್ನ ಪಿಳ್ಳೆ ಅಣ್ಣೇ... ಚಿಕ್ಕ ಉಡುಗ..." ಎಂದು ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅಂದು ಕುಸಿದು ಕೂತ. ಕುಪ್ಪುಸ್ವಾಮಿ ಬಹಳ ಹೊತ್ತು ಕಾದ. ಗೋವಿಂದಸಾಮಿ ಮತ್ತೆ ಏಳಲಿಲ್ಲ.

ಕೋಣೆಯವರೆಲ್ಲ ಕಣ್ಣು ಒರೆಸಿಕೊಂಡರು. ಕೋದಂಡಪ್ಪ ಎದ್ದ. ಎರಡು ಮಾತಾಡಿ ಕೂರಬೇಕು ಎಂದು ತಂಗಿ ಹೇಳಿದ್ದು ಅವನಿಗೆ ನೆನಪಿತ್ತು. ಯಾವ ಎರಡು ಮಾತು ಎಂದು ಅವನು ಗೊತ್ತು ಮಾಡಿಕೊಂಡಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದ. ಡೇರಿಯಲ್ಲಿ ಇಷ್ಟು ಲೀಟರು, ಇಷ್ಟು ಜಿಡ್ಡು ಎಂದು ಹೇಳುವ ದನಿಯಲ್ಲೇ ಹೇಳಿದ.

"ಪೆರುಮಾಳ್ ಬಾಲ್ ನೋಡಿ ಆಡೋನು, ಆಳು ನೋಡಿ ಆಡೋನಲ್ಲ. ಈ ವರ್ಸ ಅವನಾಡಿದ್ದನ್ನ ನಾನು ಗೆರೆ ಮೇಲೆ ನಿಂತು ನೋಡಿದೀನಿ. ಅವನ ಪಕ್ಕ ದಾಟಿ ಗೋಲು ಒಡೆದೋರು ಯಾರೂ ಇಲ್ಲ. ಇನ್ನ ಆವತ್ತಿನ ಮಾತು. ನಿಮ್ಮಾಗೆ ಯಾರೂ ನನ್ನಷ್ಟು ಅತ್ರ ಇರ್ಲಿಲ್ಲ. ಪೆರುಮಾಳ್ ಜಾರ್ಕಂಡು ಬಂದು ಬಾಲ್ ಮಾತ್ರ ಮುಟ್ಟಿದ. ನಮ್ಮುಡುಗ ಅದನ್ನ ಬಿಟ್ಟು ಎಗರಬೇಕಿತ್ತು. ಬಿಡ್ಲಿಲ್ಲ. ಜನ ಚಪ್ಪಾಳೆ ಒಡೀಲಿ ಅಂತ ಪಾದದಾಗೆ ಇಂದಕ್ಕೆ ಎಳ್ಕಳಾಕೆ ಓದ. ಕಾಲು ನೆಲಕ್ಕೆ ಕಚ್ಕಂತು, ಮೈ ತಿರುಗ್ತು. ಮುರಿದಿದ್ದು ಅಂಗೆ."

ಯಾರೋ ಹಿಂದಿನಿಂದ "ಸಾಕು ಬಿಡು ಕೋದಂಡಪ್ಪ" ಎಂದರು. ಅವನು ಮಾತು ನಿಲ್ಲಿಸಿ ಆ ಕಡೆ ನೋಡಿ, ಉಳಿದದ್ದನ್ನೂ ಹೇಳಿದ.

"ಬಾಲ್ ನಮ್ಮುಡುಗನ ಕಾಲಿಗೆ ತಗ್ಲಿ ಗೆರೆ ದಾಟ್ತು. ನಾನು ಕೆಜಿಎಫ್‌ಗೆ ಥ್ರೋ ಕೊಟ್ಟೆ. ಪೆರುಮಾಳ್ ಬಾಲ್ ತಗಳಾಕೆ ಓಗ್ಲಿಲ್ಲ. ಉಡುಗನ ತಲೆ ಎತ್ತಿ ತೊಡೆ ಮೇಲೆ ಇಟ್ಕಂಡ. ನಾನು ಬಾವುಟ ಇಳಿಸೋ ಒತ್ಗೆ ಅವನು ಅಲ್ಲಿದ್ದ. ಅಷ್ಟೇ ನಾನು ನೋಡಿದ್ದು."

ಇಷ್ಟು ಚೆನ್ನಾಗಿ ಯಾರೂ ಯಾರ ಪರವಾಗಿಯೂ ಆ ಕೋಣೆಯಲ್ಲಿ ಮಾತಾಡಿರಲಿಲ್ಲ ಎಂದು ಆಮೇಲೆ ಜನ ಹೇಳಿದರು. ಚೆನ್ನಾಗಿ ಮಾತಾಡಬೇಕೆಂದು ಅವನು ಮಾತಾಡಿರಲಿಲ್ಲ. ಮರೆಮಾಚಲು ಮನಸ್ಸು ಕೆಲಸ ಮಾಡಬೇಕು, ಅವನ ಮನಸ್ಸು ಕೆಲಸ ಬಿಟ್ಟಿತ್ತು. ಹುಣಸೆಬೀಜಗಳು ಟಣ್ ಟಣ್ ಎಂದು ಪೆರುಮಾಳ್ ಲೋಟಕ್ಕೇ ಬಿದ್ದವು. ಬಂಗಾರಪೇಟೆಯವರೂ ಅಲ್ಲಿಗೇ ಹಾಕಿದರು. ಎಣಿಸುವ ಅಗತ್ಯವೂ ಬೀಳಲಿಲ್ಲ. ಅಲ್ಲಿ ಕೂತಿದ್ದವರಿಗೆ ಗೋವಿಂದಸಾಮಿಯ ಅಳುವೂ ಅರ್ಥವಾಗಿತ್ತು, ಆದರೆ ಅಳುವಿಗೆ ಬೀಜ ಹಾಕುವ ಪದ್ಧತಿ ಇರಲಿಲ್ಲ.

ಮೆಟ್ಟಿಲ ಕೆಳಗೆ ಗೋವಿಂದಸಾಮಿ ಕಾದು ನಿಂತಿದ್ದ. ಕೋದಂಡಪ್ಪನ ಎರಡೂ ಕೈ ಹಿಡಿದುಕೊಂಡ.

"ನನ್ ಮಗ ಆವತ್ತಿಂದ ಮನೆ ಬಿಟ್ಟು ಈಚೆಗೆ ಬಂದಿಲ್ಲ ಅಣ್ಣೇ. ಇವತ್ತು ಬತ್ತಾನೆ. ನೀನು ಅವನ್ನ ಉಳಿಸ್ದೆ. ನಾನು ನಿನ್ ಮಗುಗೆ ಏನೂ ಮಾಡ್ಲಿಲ್ಲ. ಮಾಡ್ಬೇಕು ಅಂತಲೇ ಬಂದೆ ಅಣ್ಣೇ, ಬಾಯೇ ಬರ್ಲಿಲ್ಲ."

"ಇರ್ಲಿ ಬಿಡು," ಎಂದ ಕೋದಂಡಪ್ಪ. ಗೋವಿಂದಸಾಮಿಯ ಅಂಗೈ ಒರಟಾಗಿದೆ, ಬೆವೆತಿದೆ ಎಂಬುದು ಅವನಿಗೆ ತಿಳಿಯಿತು. ಅದಕ್ಕಿಂತ ಹೆಚ್ಚಿನದು ಏನೂ ತಿಳಿಯಲಿಲ್ಲ. ಬಂಗಾರಪೇಟೆಯ ಬಸ್ಸು ಬಂತು, ಹತ್ತಿದ. ಅಲ್ಲಿ ಇಳಿದು ಬೂದಿಕೋಟೆಯ ಬಸ್ಸು ಹಿಡಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು.

ಮನೆಗೆ ಬಂದಾಗ ಮಂಗಮ್ಮ ಹೊಸಿಲಲ್ಲಿ ಕೂತಿದ್ದಳು. ಅವನು ಸುತ್ತುಬಳಸದೆ ಹೇಳಿದ. ಏನು ಮಾತಾಡಿದೆ ಎಂದು ಕೇಳಿದಳು, ಅದನ್ನೂ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಎದ್ದು ನಿಂತಳು.

"ಎರಡು ಮಾತಾಡಿ ಕೂತ್ಕ ಅಂದಿದ್ನಲ್ಲಣ್ಣ! ಕಾಲೂ ಓಯ್ತು, ಎಸರೂ ಓಯ್ತು, ಈಗ ಮುರ್ಕಂಡಿದ್ದೂ ಅವನೇ ಅಂತ ಆಯ್ತು! ಇದಕ್ಕೇನಾ ಅನ್ನ ಇಕ್ಕಿ ಬೆಳೆಸ್ದೆ ಅವನ್ನ ನೀನು? ನೀನೇ ಬೆಳೆಸಿ ನೀನೇ..." ಮುಂದೆ ಹೇಳಲಾಗದೆ ಹಿತ್ತಲಿಗೆ ಹೋದಳು. ಹಸುವಿನ ಮುಂದೆ ಹುಲ್ಲು ಎಸೆಯುವ ಸದ್ದು ಜೋರಾಗಿ ಕೇಳಿಸುತ್ತಿತ್ತು.

ಕೋದಂಡಪ್ಪ ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಚಲಪತಿ ಸೂರು ನೋಡುತ್ತಾ ಮಲಗಿದ್ದ.

"ಕೇಳಿಸ್ತು ಮಾವ," ಎಂದ. "ನೀನು ಏಳಿದ್ದು ನಿಜಾನೇ. ನಾನು ಕಾಲು ಎತ್ತಬೇಕಿತ್ತು. ನಂಗೂ ಗೊತ್ತಿತ್ತು. ಅಮ್ಮಂಗೆ ಏಳಾಕೆ ಆಗ್ಲಿಲ್ಲ."

"ಊಂ."

"ಪೆರುಮಾಳ್ ಒಳ್ಳೇ ಆಟಗಾರ. ಬರ್ಲಿ ಬಿಡು ಅವನೆಸರು."

ಹುಡುಗನ ತುಟಿ ನಡುಗುತ್ತಿತ್ತು. ಅದನ್ನು ಕೋದಂಡಪ್ಪ ನೋಡಿದ. ಇಂಥ ಹೊತ್ತಿನಲ್ಲಿ ತಲೆ ಸವರಬೇಕು ಎಂದು ಗೊತ್ತಿತ್ತು, ಕೈ ಮಾತ್ರ ತೊಡೆಯ ಮೇಲೇ ಇತ್ತು.

"ನನ್ ಪರ ಯಾರು ಮಾತಾಡಿದ್ರು ಮಾವ?"

"ಗೋವಿಂದಸಾಮಿ. ಪೆರುಮಾಳ್ ಅಪ್ಪ."

"ಏನಂದ್ರು?"

"ಏನೂ ಅನ್ಲಿಲ್ಲ. ನಿನ್ನೆಸರು ಏಳಿದ. ಚಿಕ್ಕ ಉಡುಗ ಅಂದ. ಆಮ್ಯಾಕೆ ಅತ್ತುಬಿಟ್ಟ, ಮಾತೇ ಬರ್ಲಿಲ್ಲ."

ಚಲಪತಿ ತಲೆ ಹೊರಳಿಸಿ ಮಾವನ ಮುಖ ನೋಡಿದ.

"ನನ್ನೆಸರು ಏಳಿ ಅತ್ತರಾ? ಅಷ್ಟು ಜನದ ಮುಂದೆ?"

"ಊಂ."

"ನಿಂಗೆ? ಕಾಲು ಮುರಿದಿದ್ದು ಏಳೋವಾಗ ನಿಂಗೆ ಅಳು ಬರ್ಲಿಲ್ವಾ ಮಾವ?"

ಬಂತು ಎಂದರೆ ಆಗುತ್ತಿತ್ತು. ಅಷ್ಟು ಚಿಕ್ಕ ಸುಳ್ಳಿಗೆ ಯಾವ ದೇವರೂ ಮುನಿಯುತ್ತಿರಲಿಲ್ಲ. ಅದು ಕೋದಂಡಪ್ಪನಿಗೆ ಹೊಳೆಯಲೇ ಇಲ್ಲ.

"ಇಲ್ಲ ಕಣ್ಲಾ," ಎಂದ.

ಚಲಪತಿ ಗೋಡೆಯ ಕಡೆ ತಿರುಗಲು ನೋಡಿದ. ಕಟ್ಟು ಹಾಕಿದ ಕಾಲು ಜೊತೆಗೆ ಬರಲಿಲ್ಲ. ಈ ಎರಡು ತಿಂಗಳೂ ಆ ಕಾಲನ್ನು ಎತ್ತಿ ದಿಂಬಿನ ಮೇಲೆ ಇಡುತ್ತಿದ್ದವನು ಮಾವನೇ. ಕೋದಂಡಪ್ಪ ಎದ್ದು ಎರಡೂ ಕೈ ಮುಂದೆ ಚಾಚಿದ.

"ಬ್ಯಾಡ ಬಿಡು ಮಾವ," ಎಂದ ಚಲಪತಿ. "ಅಮ್ಮನ್ನ ಕರಿ."

ಕೋದಂಡಪ್ಪ ಹಿತ್ತಲಿಗೆ ಹೋಗಿ ಮಂಗಮ್ಮನನ್ನು ಕರೆದ.